ಮನೆಮಂದಿಯೆಲ್ಲ ಕೂತು ಕಿಡಿಯೊ ಮಾಡುವ ಬಗೆ

ಮಂಗಳೂರು ಕಡೆಯ ಕ್ರೈಸ್ತ ಮನೆಗಳಲ್ಲಿ ಕ್ರಿಸ್ಮಸ್ ಅಂದರೆ ಕುಸ್ವಾರ್, ಅಂದರೆ ಹಬ್ಬದ ಬಗೆಬಗೆಯ ತಿಂಡಿಗಳ ತಟ್ಟೆ, ಇರಲೇಬೇಕು. ಆ ತಟ್ಟೆಯಲ್ಲಿ ನೆವ್ರ್ಯೊ, ಕೊಕ್ಕಿಸಾಂ, ಗುಳಿಯೊ, ಚಕ್ಕುಲಿ ಎಲ್ಲ ಇದ್ದರೂ ಮಕ್ಕಳಿಂದ ಅಜ್ಜಿಯವರೆಗೆ ಎಲ್ಲರ ಕೈಯನ್ನೂ ಬೇಡುವುದು ಕಿಡಿಯೊ. ಹಿಟ್ಟಿನ ಪುಟ್ಟ ಸುರುಳಿಗಳನ್ನು ಕರಿದು ಮಾಡುವ ಇದನ್ನೇ ಕುಲ್‌ಕುಲ್ ಎಂದೂ ಕರೆಯುತ್ತಾರೆ. ಹಬ್ಬಕ್ಕೆ ವಾರ ಹತ್ತು ದಿನ ಇರುವಾಗಲೇ ಒಂದು ರಜೆಯ ಮಧ್ಯಾಹ್ನವನ್ನು ಇದಕ್ಕೆಂದೇ ಇಟ್ಟುಕೊಳ್ಳಿ.

ಬೇಕಾದದ್ದು: ಮೈದಾ 500 ಗ್ರಾಂ, ಸಕ್ಕರೆ ಪುಡಿ 50 ಗ್ರಾಂ, ತುಪ್ಪ 2 ದೊಡ್ಡ ಚಮಚ, ಮೊಟ್ಟೆ 1, ಉಪ್ಪು ಅರ್ಧ ಚಿಕ್ಕ ಚಮಚ, ದಪ್ಪ ತೆಂಗಿನ ಹಾಲು ಸುಮಾರು 180 ಮಿ.ಲೀ., ಕರಿಯಲು ಎಣ್ಣೆ. ಹಾಲು ಮೊದಲ ಹಿಂಡಿನದೇ ಆಗಬೇಕು. ಎರಡನೆಯ ಹಿಂಡಿನ ಹಾಲಿನಲ್ಲಿ ನೀರೇ ಹೆಚ್ಚು, ಅದರಲ್ಲಿ ಕಲಸಿದರೆ ಕಿಡಿಯೊ ಕಲ್ಲಿನಂತಾಗುತ್ತದೆ. ತೆಂಗಿನಕಾಯಿ ಸುಲಭವಾಗಿ ಸಿಗದ ಊರಿನಲ್ಲಿರುವವರು ಡಬ್ಬದ ಹಾಲನ್ನು ಧೈರ್ಯವಾಗಿ ಬಳಸಬಹುದು.

ಮೈದಾಕ್ಕೆ ಉಪ್ಪು, ಸಕ್ಕರೆ ಬೆರೆಸಿ, ತುಪ್ಪವನ್ನು ಬಿಸಿ ಮಾಡಿ ಸುರಿದು ಬೆರಳ ತುದಿಯಲ್ಲಿ ತಿಕ್ಕಿ. ಒಡೆದು ಕಲಕಿದ ಮೊಟ್ಟೆ ಹಾಕಿ, ಆಮೇಲೆ ತೆಂಗಿನ ಹಾಲನ್ನು ಸ್ವಲ್ಪಸ್ವಲ್ಪವೇ ಸೇರಿಸುತ್ತ ನಾದಿ. ಹಿಟ್ಟು ಚಪಾತಿ ಹಿಟ್ಟಿಗಿಂತ ತುಸು ಗಟ್ಟಿ ಇರಲಿ. ಅಳತೆಯ ಹಾಲೆಲ್ಲ ಹಿಡಿಯದಿದ್ದರೆ ಅಷ್ಟಕ್ಕೇ ಬಿಡಿ. ತುಪ್ಪ ಹೆಚ್ಚಾದರೆ ಎಣ್ಣೆಯಲ್ಲಿ ಪುಡಿಯಾಗುತ್ತದೆ, ಸಕ್ಕರೆ ಹೆಚ್ಚಾದರೆ ಒಳಗೆ ಬೇಯುವ ಮೊದಲೇ ಹೊರಗೆ ಕೆಂಪಾಗುತ್ತದೆ. ಒದ್ದೆ ಬಟ್ಟೆ ಮುಚ್ಚಿ ಒಂದು ಗಂಟೆ ಬಿಡಿ.

ಈಗ ಎಲ್ಲರೂ ಕೂರಬೇಕು. ಒಬ್ಬರು ನಾಲ್ಕೈದು ಗ್ರಾಂನ ಉಂಡೆಗಳನ್ನು ಚಿವುಟಿ ಕೊಡಲಿ, ಉಳಿದವರು ಸುರುಳಿ ಸುತ್ತಲಿ. ಇದಕ್ಕೆಂದೇ ಒಂದು ಹೊಸ ಬಾಚಣಿಗೆ ತೆಗೆದಿಡಿ; ಚಿಕ್ಕ ಮಕ್ಕಳಿಗೆ ಫೋರ್ಕ್‌ನ ಬೆನ್ನೇ ಸಲೀಸು. ಹಲ್ಲುಗಳಿಗೆ ಎಣ್ಣೆ ಸವರಿ, ಉಂಡೆಯನ್ನು ಅದರ ಮೇಲೆ ಹೆಬ್ಬೆರಳಿನಿಂದ ತೆಳ್ಳಗೆ ಒತ್ತಿ, ಒಂದು ಅಂಚಿನಿಂದ ಸುರುಳಿ ಸುತ್ತುತ್ತ ಬಿಡಿಸಿ. ಕೊನೆಯ ಅಂಚನ್ನು ಒತ್ತಿ ಕೂಡಿಸದಿದ್ದರೆ ಎಣ್ಣೆಯಲ್ಲಿ ಬಿಚ್ಚಿಕೊಳ್ಳುತ್ತದೆ. ಮಕ್ಕಳು ಸುತ್ತಿದ್ದು ದಪ್ಪಗಾದರೆ ಬೇರೆ ತಟ್ಟೆಯಲ್ಲಿಡಿ, ಕೊನೆಯ ಸರದಿಯಲ್ಲಿ ಹೆಚ್ಚು ಹೊತ್ತು ಕರಿದರಾಯಿತು. ಕಾಯುವ ಸುರುಳಿಗಳ ಮೇಲೂ ಬಟ್ಟೆ ಇರಲಿ, ಒಣಗಿದರೆ ಬಿರುಕು ಬಿಡುತ್ತವೆ.

ಹೆಚ್ಚಿನವರು ಎಡವುವುದು ಕರಿಯುವಾಗ. ಚೂರು ಹಿಟ್ಟು ಹಾಕಿದರೆ ಅದು ತಳಕ್ಕಿಳಿದು ನಿಧಾನವಾಗಿ ಮೇಲೆ ಬರಬೇಕು, ಅಂದರೆ ಸುಮಾರು 160 ಡಿಗ್ರಿ. ಹಾಕಿದ ತಕ್ಷಣ ತೇಲಿ ಕೆಂಪಾದರೆ ಎಣ್ಣೆ ಅತಿ ಬಿಸಿ. ಅದರಲ್ಲಿ ಕರಿದ ಕಿಡಿಯೊ ಆಗಷ್ಟೇ ಗರಿಗರಿ ಇದ್ದು ಮರುದಿನ ಮೆತ್ತಗಾಗುತ್ತದೆ, ಏಕೆಂದರೆ ಒಳಗಿನ ನೀರಿನಂಶ ಹೋಗಿರುವುದಿಲ್ಲ. ಎಣ್ಣೆ ತಣ್ಣಗಿದ್ದರೆ ಜಿಡ್ಡು ಕುಡಿಯುತ್ತದೆ. ಬಾಣಲೆ ತುಂಬದಂತೆ ಹಾಕಿ, ಕೈಯಾಡಿಸುತ್ತ ಆರೆಂಟು ನಿಮಿಷ ಕರಿಯಿರಿ. ತೆಗೆದ ಮೇಲೂ ಬಣ್ಣ ಏರುವುದರಿಂದ ಬೇಕಾದ ಬಣ್ಣಕ್ಕಿಂತ ಒಂದು ಹದ ಮೊದಲೇ ಜಾಲರಿ ಸೌಟಿನಲ್ಲಿ ಎತ್ತಿ.

ಸಕ್ಕರೆ ಲೇಪ ಬೇಕೆನ್ನುವವರು ಕಿಡಿಯೊ ಪೂರ್ತಿ ಆರುವವರೆಗೆ ಕಾಯಲೇಬೇಕು. 200 ಗ್ರಾಂ ಸಕ್ಕರೆಗೆ 75 ಮಿ.ಲೀ. ನೀರು ಹಾಕಿ ಎರಡೆಳೆ ಪಾಕ ಬಂದೊಡನೆ ಒಲೆ ಆರಿಸಿ, ಕಿಡಿಯೊ ಸುರಿದು, ಸಕ್ಕರೆ ಬೆಳ್ಳಗೆ ಅಂಟುವವರೆಗೆ ಬಿಡದೆ ಮಗುಚಿ. ಪಾಕ ಎಳೆಯದಾದರೆ ಅಂಟಂಟು ಉಳಿಯುತ್ತದೆ. ನಮ್ಮ ಮಟ್ಟಿಗೆ ಅರ್ಧಕ್ಕೆ ಲೇಪ, ಅರ್ಧ ಹಾಗೆಯೇ ಇರುವುದು ಚೆನ್ನ. ತೆಂಗಿನ ಹಾಲಿನ ರುಚಿ ಬರಿಯದರಲ್ಲೇ ಹೆಚ್ಚು ತಿಳಿಯುವುದು.

ಗಾಳಿಯಾಡದ ಡಬ್ಬದಲ್ಲಿ ಎರಡು ವಾರ ಧಾರಾಳವಾಗಿ ಉಳಿಯುತ್ತದೆ. ಲೇಪದ್ದನ್ನೂ ಬರಿಯದನ್ನೂ ಬೇರೆಬೇರೆ ಡಬ್ಬಗಳಲ್ಲಿಡಿ. ನೆರೆಮನೆಗಳಿಗೆ ಕಳುಹಿಸುವ ಪಾಲನ್ನು ಮೊದಲ ದಿನವೇ ಅಳೆದು ಎತ್ತಿಡಿ, ಮನೆಯ ಡಬ್ಬ ಹಬ್ಬದವರೆಗೆ ತುಂಬಿರುವುದಿಲ್ಲ.