ಮರಳುದಿಬ್ಬದ ನೆತ್ತಿ ದಾಟುವುದು ಹೇಗೆ? ದುಬೈ ರಜೆಯಲ್ಲಿ ‘ಬಗ್ಗಿ’ ಓಡಿಸುವವರಿಗೆ

ಮಂಗಳೂರು, ಉಡುಪಿ ಕಡೆಯವರ ದುಬೈ ಪ್ರವಾಸ ಎಂದರೆ ಅರ್ಧ ನೆಂಟರ ಮನೆ, ಅರ್ಧ ತಿರುಗಾಟ. ಬಜಪೆಯಿಂದ ನೇರ ವಿಮಾನ, ಇಳಿದಲ್ಲಿ ಭಾವನೋ ಚಿಕ್ಕಪ್ಪನೋ ಕಾಯುತ್ತಿರುತ್ತಾರೆ, ಎರಡು ದಿನ ಕಳೆದ ಮೇಲೆ ಮರುಭೂಮಿ. ಅಲ್ಲಿ ಲ್ಯಾಂಡ್ ಕ್ರೂಸರಿನ ಹಿಂದಿನ ಸೀಟಿನಲ್ಲಿ ಕೂತು ದಿಬ್ಬ ಹತ್ತಿಳಿಯುವುದು ಒಂದು ಬಗೆ. ನಾವೇ ಸ್ಟೀರಿಂಗ್ ಹಿಡಿದು, ಗೈಡ್‌ನ ಗಾಡಿಯ ಹಿಂದೆ ‘ಬಗ್ಗಿ’ ಎಂಬ ಮರಳಿನ ಪುಟ್ಟ ಗಾಡಿ ಓಡಿಸುವುದು ಇನ್ನೊಂದು ಬಗೆ. ಈ ಲೇಖನ ಎರಡನೆಯದರ ಬಗ್ಗೆ. ಆಗುಂಬೆ, ಚಾರ್ಮಾಡಿಯಲ್ಲಿ ವರ್ಷಗಟ್ಟಲೆ ಕಾರು ಓಡಿಸಿದವರಿಗೂ ಮರಳು ಹೊಸತೇ. ಘಾಟಿಯಲ್ಲಿ ಕಾಪಾಡುವ ಕೆಲವು ಅಭ್ಯಾಸಗಳೇ ಮರಳಿನಲ್ಲಿ ಗಾಡಿಯನ್ನು ಮಗುಚಿ ಹಾಕುತ್ತವೆ.

ಯಾವಾಗ, ಎಲ್ಲಿ

ನವೆಂಬರಿನಿಂದ ಮಾರ್ಚ್‌ವರೆಗೆ ಒಳ್ಳೆಯ ಕಾಲ. ನಮ್ಮ ಮಕ್ಕಳ ಡಿಸೆಂಬರ್ ರಜೆ ಇದಕ್ಕೆ ಸರಿಯಾಗಿ ಹೊಂದುತ್ತದೆ. ಏಪ್ರಿಲ್, ಮೇ ರಜೆಯಲ್ಲೇ ಹೋಗಬೇಕಾದರೆ ಬೆಳಗಿನ ಮೊದಲ ತಂಡದಲ್ಲಿ ಜಾಗ ಕೇಳಿ. ಬಿಸಿಲು ಕಡಿಮೆ ಎಂಬುದಷ್ಟೇ ಇದಕ್ಕೆ ಕಾರಣವಲ್ಲ. ರಾತ್ರಿಯ ತಂಪು, ಇಬ್ಬನಿಯ ಪಸೆಯಿಂದ ಬೆಳಗಿನ ಮರಳು ಸ್ವಲ್ಪ ಗಟ್ಟಿಯಾಗಿರುತ್ತದೆ, ಚಕ್ರ ಕಡಿಮೆ ಹೂಳುತ್ತದೆ. ನಡು ಮಧ್ಯಾಹ್ನದ ತಂಡ ಬೇಡವೇ ಬೇಡ. ಸೂರ್ಯ ನೆತ್ತಿಯ ಮೇಲಿದ್ದಾಗ ನೆರಳು ಇರುವುದಿಲ್ಲ. ನೆರಳಿಲ್ಲದಿದ್ದರೆ ಮುಂದೆ ಹಳ್ಳ ಇದೆಯೋ ಸಮತಟ್ಟೋ ಕಣ್ಣಿಗೆ ತಿಳಿಯುವುದಿಲ್ಲ. ಸಂಜೆಯ ಓರೆ ಬಿಸಿಲಿನಲ್ಲಿ ದಿಬ್ಬದ ಅಂಚು ಗೆರೆ ಎಳೆದಷ್ಟು ಸ್ಪಷ್ಟವಾಗಿ ಕಾಣುತ್ತದೆ. ಆದರೆ ಪಶ್ಚಿಮಕ್ಕೆ ಮುಖಮಾಡಿ ಏರುವಾಗ ಬೆಳಕು ಕಣ್ಣಿಗೇ ಹೊಡೆಯುತ್ತದೆ.

ದುಬೈಯಿಂದ ಹತ್ತಾಕ್ಕೆ ಹೋಗುವ ರಸ್ತೆಯ ಆಸುಪಾಸಿನ ಲಹಬಾಬ್ ಮತ್ತು ಶಾರ್ಜಾಕ್ಕೆ ಸೇರಿದ ಅಲ್ ಬದಾಯರ್ ಬಗ್ಗಿ ಪ್ರವಾಸಗಳ ಮುಖ್ಯ ಜಾಗಗಳು. ನಗರದಿಂದ ಸುಮಾರು ಒಂದು ಗಂಟೆಯ ದಾರಿ. ಇಲ್ಲಿನ ಮರಳು ಕೆಂಪು. ಅದರಲ್ಲಿರುವ ಕಬ್ಬಿಣದ ಆಕ್ಸೈಡ್ ಇದಕ್ಕೆ ಕಾರಣ, ನಮ್ಮ ಮುರಕಲ್ಲು ಕೆಂಪಾಗಿರುವುದೂ ಅದರಿಂದಲೇ. ‘ಬಿಗ್ ರೆಡ್’ ಎಂದು ಕರೆಯುವ, ಸುಮಾರು 100 ಮೀಟರ್ ಎತ್ತರದ ದೊಡ್ಡ ದಿಬ್ಬ ಇರುವುದು ಇಲ್ಲೇ. ಶನಿವಾರ, ಭಾನುವಾರ ಸ್ಥಳೀಯರ ಗಾಡಿಗಳೂ ಸೇರಿ ದಿಬ್ಬಗಳ ಮೇಲೆ ನೂಕುನುಗ್ಗಲು. ಮೊದಲ ಬಾರಿ ಓಡಿಸುವವರು ವಾರದ ನಡುವಿನ ದಿನ ಹೋಗುವುದೇ ಸರಿ.

ಬುಕ್ ಮಾಡುವ ಮೊದಲು ಕೇಳಬೇಕಾದದ್ದು

‘ಒಂದು ಗಂಟೆಯ ಪ್ರವಾಸ’ ಎಂದರೆ ಓಡಿಸಲು ಸಿಗುವುದು ಎಷ್ಟು ನಿಮಿಷ ಎಂದು ಕೇಳಿ. ಹೆಲ್ಮೆಟ್ ಹಾಕಿ, ಸೂಚನೆ ಕೇಳಿ ಮುಗಿಸುವುದರಲ್ಲೇ 20 ನಿಮಿಷ ಹೋಗಬಹುದು. ಒಬ್ಬ ಗೈಡ್‌ನ ಹಿಂದೆ ಎಷ್ಟು ಬಗ್ಗಿ? ನಾಲ್ಕಕ್ಕಿಂತ ಹೆಚ್ಚಾದರೆ ಕೊನೆಯವನು ಸಿಕ್ಕಿಬಿದ್ದದ್ದು ಮುಂದಿನವನಿಗೆ ತಿಳಿಯುವುದೇ ತಡ. ದೊಡ್ಡ ತಂಡವಾದರೆ ಹಿಂದಿನಿಂದಲೂ ಒಬ್ಬ ಬರಬೇಕು.

ಗಾಡಿಗೆ ಹಾನಿಯಾದರೆ ಯಾರು ಕೊಡಬೇಕು ಎಂಬುದೇ ದೊಡ್ಡ ಪ್ರಶ್ನೆ. ಸಹಿ ಹಾಕಿಸುವ ಕಾಗದದಲ್ಲಿ ಮಗುಚಿದರೆ, ಆಕ್ಸಲ್ ಮುರಿದರೆ, ಎಂಜಿನ್ನಿನ ಬೆಲ್ಟ್ ಸುಟ್ಟರೆ ಎಷ್ಟು ದಿರ್ಹಮ್ ಎಂದು ಬರೆದಿದೆಯೇ ನೋಡಿ. ‘ಏನೂ ಆಗುವುದಿಲ್ಲ, ಸಹಿ ಹಾಕಿ’ ಎಂಬ ಮಾತಿಗೆ ಬೆಲೆ ಕೊಡಬೇಡಿ, ಮೊತ್ತ ಬರೆಸಿಕೊಳ್ಳಿ. ಊರಿನಲ್ಲಿ ಮಾಡಿಸಿದ ಪ್ರವಾಸ ವಿಮೆಯ ಪತ್ರವನ್ನೂ ಒಮ್ಮೆ ಓದಿ. ಸಾಹಸ ಕ್ರೀಡೆ, ರಸ್ತೆಯಾಚೆಗಿನ ವಾಹನ ಓಡಿಸುವುದು ಇವನ್ನು ಬಹಳಷ್ಟು ಪಾಲಿಸಿಗಳು ಹೊರಗಿಟ್ಟಿರುತ್ತವೆ.

ಡಾಂಬರು ರಸ್ತೆಗೆ ಇಳಿಯದ ಪ್ರವಾಸಗಳಲ್ಲಿ ಹಲವರು ಲೈಸೆನ್ಸ್ ಕೇಳುವುದಿಲ್ಲ, ಕೆಲವರು ಕೇಳುತ್ತಾರೆ. ಅಲ್ಲಿ ಬಾಡಿಗೆ ಕಾರನ್ನೂ ಓಡಿಸುವ ಯೋಚನೆ ಇದ್ದರೆ ಮಂಗಳೂರು ಅಥವಾ ಮಣಿಪಾಲದ ಆರ್‌ಟಿಒದಿಂದ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಮಾಡಿಸಿಕೊಳ್ಳುವುದು ಒಳ್ಳೆಯದು. ಅದು ಒಂದು ವರ್ಷ ನಡೆಯುತ್ತದೆ.

ಮಕ್ಕಳನ್ನು ಕೂರಿಸಬಹುದೇ? ವಯಸ್ಸಿಗಿಂತ ಮೊದಲು ಕಾಲಿನ ಉದ್ದ ನೋಡಿ. ಬೆನ್ನು ಸೀಟಿಗೆ ಪೂರ್ತಿ ತಾಗಿ, ಎರಡೂ ಪಾದ ನೆಲಕ್ಕೆ ಊರಿ, ಕೈ ಹಿಡಿಕೆಗೆ ಎಟುಕಬೇಕು. ಈ ಮೂರರಲ್ಲಿ ಒಂದು ಆಗದಿದ್ದರೂ ಮಗು ಕ್ಯಾಂಪಿನಲ್ಲಿ ಅಜ್ಜಿಯ ಜೊತೆ ಇರಲಿ. ಗರ್ಭಿಣಿಯರು, ಬೆನ್ನು ಅಥವಾ ಕುತ್ತಿಗೆ ನೋವಿನವರು, ಹೃದಯದ ತೊಂದರೆ ಇರುವವರು ಹತ್ತಲೇಬಾರದು.

ಹೊರಡುವ ದಿನ

ಕಾಲಿಗೆ ಕಟ್ಟುವ ಶೂ, ಉದ್ದ ಪ್ಯಾಂಟ್, ಪೂರ್ತಿ ತೋಳಿನ ಹತ್ತಿ ಅಂಗಿ. ಸೀರೆ, ದುಪ್ಪಟ್ಟಾ, ಶಾಲು ಬೇಡ, ಗಾಳಿಗೆ ಹಾರಿ ಎಲ್ಲಿಯಾದರೂ ಸಿಕ್ಕಿಕೊಂಡರೆ ಕುತ್ತಿಗೆಗೇ ಅಪಾಯ. ಉದ್ದ ಕೂದಲು ಜಡೆ ಹಾಕಿ ಅಂಗಿಯೊಳಗೆ ಸೇರಿಸಿ. ಕಾಂಟ್ಯಾಕ್ಟ್ ಲೆನ್ಸ್ ತೆಗೆದಿಟ್ಟು ಕನ್ನಡಕ ಹಾಕಿ, ಅದರ ಮೇಲೆ ಹಿಡಿಸುವ ಗಾಗಲ್ಸ್ ಕೇಳಿ. ಮೊಬೈಲ್ ಜಿಪ್ ಇರುವ ಜೇಬಿನಲ್ಲಿರಲಿ. ಮರಳಿನಲ್ಲಿ ಬಿದ್ದದ್ದು ಸಿಗುವುದು ಕಷ್ಟ.

ಊಟ ಎರಡು ಗಂಟೆ ಮೊದಲೇ ಮುಗಿದಿರಲಿ, ಹಗುರವಾಗಿರಲಿ. ಭಾವನ ಮನೆಯ ಬಿರಿಯಾನಿ ಬಗ್ಗಿಯ ನಂತರವೇ ಸರಿ. ವಾಂತಿ ತಡೆಯಲು ನಾವು ಘಾಟಿ ಬಸ್ಸಿಗೆ ಹತ್ತುವಾಗ ನುಂಗುವ ಅವೋಮಿನ್‌ನಂಥ ಮಾತ್ರೆ ನಿದ್ದೆ ಬರಿಸುತ್ತದೆ. ಪಕ್ಕದಲ್ಲಿ ಕೂರುವವರು ತೆಗೆದುಕೊಳ್ಳಬಹುದು, ಓಡಿಸುವವರು ತೆಗೆದುಕೊಳ್ಳಬಾರದು. ಹಾಗೆಯೇ ಕೋಡೀನ್ ಇರುವ ಕೆಮ್ಮಿನ ಸಿರಪ್, ಟ್ರಮಡಾಲ್ ನೋವಿನ ಮಾತ್ರೆಗಳಿಗೆ ಆ ದೇಶದಲ್ಲಿ ಬಿಗಿ ಕಾನೂನಿದೆ. ಬ್ಯಾಗಿನಲ್ಲಿ ಹಾಗೇ ಹಾಕಿಕೊಂಡು ಹೋಗಬೇಡಿ.

ನೀರಿನ ವಿಷಯದಲ್ಲಿ ಕರಾವಳಿಯವರು ವಿಶೇಷ ಎಚ್ಚರ ವಹಿಸಬೇಕು. ನಮ್ಮಲ್ಲಿ ಬೆವರು ಮೈಮೇಲೆ ಹರಿಯುತ್ತದೆ, ಬಾಯಾರಿಕೆ ನೆನಪಿಸುತ್ತದೆ. ಮರುಭೂಮಿಯ ಒಣ ಗಾಳಿಯಲ್ಲಿ ಅದು ಬಂದಲ್ಲೇ ಆರಿಹೋಗುವುದರಿಂದ ಮೈಯಿಂದ ಎಷ್ಟು ನೀರು ಹೋಯಿತೆಂದು ಗೊತ್ತೇ ಆಗುವುದಿಲ್ಲ. ಹತ್ತುವ ಮೊದಲು ಅರ್ಧ ಲೀಟರ್ ಕುಡಿಯಿರಿ, ಪ್ರತಿ ನಿಲುಗಡೆಯಲ್ಲೂ ಸ್ವಲ್ಪ ಸ್ವಲ್ಪ.

ಸೀಟಿನಲ್ಲಿ ಕೂತ ಮೇಲೆ

ಬಗ್ಗಿ ಎಂದರೆ ಕಬ್ಬಿಣದ ಕೊಳವೆಗಳ ಪಂಜರದೊಳಗೆ ಎರಡೋ ನಾಲ್ಕೋ ಸೀಟು, ಹಿಂದೆ ಎಂಜಿನ್. ಪೋಲಾರಿಸ್ ಆರ್‌ಜೆಡ್‌ಆರ್, ಕ್ಯಾನ್-ಆಮ್ ಮ್ಯಾವರಿಕ್ ಅಲ್ಲಿ ಸಾಮಾನ್ಯವಾಗಿ ಸಿಗುವ ಮಾದರಿಗಳು. ಆರ್‌ಜೆಡ್‌ಆರ್ 1000ರ ಎಂಜಿನ್ 999 ಸಿಸಿ, ಸುಮಾರು 110 ಅಶ್ವಶಕ್ತಿ. ನಮ್ಮ ಸಣ್ಣ ಕಾರುಗಳಿಗಿಂತ ಹೆಚ್ಚು ಶಕ್ತಿ, ತೂಕ ಮಾತ್ರ ಅವುಗಳಿಗಿಂತ ಕಡಿಮೆ. ಸ್ಟೀರಿಂಗ್ ಎಡಗಡೆ. ಕ್ಲಚ್ ಇಲ್ಲ, ಎಡಗಾಲಿಗೆ ಕೆಲಸವಿಲ್ಲ. ಎರಡೂ ಪೆಡಲನ್ನು ಬಲಗಾಲಿನಿಂದಲೇ ಒತ್ತಬೇಕು. ಟಯರಿನಲ್ಲಿ ಗಾಳಿ ಬಹಳ ಕಡಿಮೆ. ಕಾರಿಗೆ 30ರಿಂದ 35 ಪಿಎಸ್‌ಐ ಹಾಕುತ್ತೇವೆ, ಇದಕ್ಕೆ ಅದರ ಅರ್ಧಕ್ಕಿಂತಲೂ ಕಡಿಮೆ. ಟಯರ್ ಅಗಲವಾಗಿ ಹರಡಿ ಮರಳಿನ ಮೇಲೆ ತೇಲಬೇಕೆಂದು ಹೀಗೆ ಮಾಡುತ್ತಾರೆ, ಪಂಕ್ಚರ್ ಎಂದು ಗಾಬರಿ ಬೇಡ.

ಪಟ್ಟಿ ಕಟ್ಟುವುದರಲ್ಲಿ ಕ್ರಮವಿದೆ. ಮೊದಲು ಸೊಂಟದ ಪಟ್ಟಿ, ಸೊಂಟದ ಎಲುಬಿನ ಮೇಲೆ ಬಿಗಿಯಾಗಿ. ಆಮೇಲೆ ಭುಜದ ಪಟ್ಟಿಗಳು. ಭುಜದ್ದನ್ನು ಮೊದಲು ಎಳೆದರೆ ಸೊಂಟದ ಪಟ್ಟಿ ಹೊಟ್ಟೆಗೆ ಏರುತ್ತದೆ, ಗಾಡಿ ಎದ್ದು ಬಿದ್ದಾಗ ಪೆಟ್ಟು ಮೆತ್ತಗಿನ ಭಾಗಕ್ಕೇ ಆಗುತ್ತದೆ. ಹೆಲ್ಮೆಟ್ ಹಾಕಿ ತಲೆ ಅಲ್ಲಾಡಿಸಿ ನೋಡಿ, ಅದು ತಲೆಯ ಜೊತೆಗೇ ತಿರುಗಬೇಕು. ಬದಿಯ ಬಾಗಿಲನ್ನೋ ಬಲೆಯನ್ನೋ ನೀವೇ ಒಮ್ಮೆ ಎಳೆದು ಪರೀಕ್ಷಿಸಿ.

ಸ್ಟೀರಿಂಗನ್ನು ಹಿಡಿಯುವಾಗ ಹೆಬ್ಬೆರಳು ಒಳಗೆ ಸುತ್ತದೆ ಅಂಚಿನ ಮೇಲೆಯೇ ಇರಲಿ. ಚಕ್ರ ಗಟ್ಟಿ ದಿಣ್ಣೆಗೆ ಬಡಿದಾಗ ಸ್ಟೀರಿಂಗ್ ಫಕ್ಕನೆ ತಿರುಗಿ ಒಳಗಿದ್ದ ಹೆಬ್ಬೆರಳನ್ನು ಮುರಿಯುತ್ತದೆ. ಇನ್ನೊಂದು, ಎಲ್ಲಕ್ಕಿಂತ ಮುಖ್ಯ: ಗಾಡಿ ಮಗುಚುತ್ತಿದೆ ಅನ್ನಿಸಿದಾಗ ಕೈಯೋ ಕಾಲೋ ಹೊರಗೆ ಊರಬೇಡಿ. ಪಂಜರ ನಿಮ್ಮ ತಲೆಯನ್ನು ಕಾಯುತ್ತದೆ, ಹೊರಗೆ ಚಾಚಿದ ಕೈಯನ್ನು ಜಜ್ಜುತ್ತದೆ. ಓಡಿಸುವವರು ಸ್ಟೀರಿಂಗ್, ಪಕ್ಕದವರು ಹಿಡಿಕೆ ಬಿಗಿಯಾಗಿ ಹಿಡಿದು ಒಳಗೇ ಇರಬೇಕು.

ಗೇರಿನಲ್ಲಿ ‘ಎಚ್’ ಸಮತಟ್ಟಿಗೆ, ‘ಎಲ್’ ನಿಧಾನದ ಕಡಿದಾದ ಏರಿಗೆ, ‘ಆರ್’ ರಿವರ್ಸ್. ಎಂಜಿನ್ನಿನಿಂದ ಚಕ್ರಕ್ಕೆ ಶಕ್ತಿ ಹೋಗುವುದು ರಬ್ಬರ್ ಬೆಲ್ಟಿನ ಮೂಲಕ, ಆಕ್ಟಿವಾ ಸ್ಕೂಟರಿನಲ್ಲಿರುವ ವ್ಯವಸ್ಥೆಯೇ ಇದು. ಗಾಡಿ ಪೂರ್ತಿ ನಿಂತ ಮೇಲೆಯೇ ಗೇರ್ ಬದಲಿಸಿ. ‘ಎಚ್’ನಲ್ಲಿಟ್ಟು, ಹೂತ ಗಾಡಿಯ ಆಕ್ಸಿಲರೇಟರ್ ತುಳಿದು ನಿಂತರೆ ಬೆಲ್ಟ್ ಜಾರಿ ಕಾದು ಸುಡುತ್ತದೆ. ರಬ್ಬರ್ ಸುಟ್ಟ ವಾಸನೆ ಬಂದ ಕ್ಷಣ ಕಾಲು ತೆಗೆದು ಗೈಡ್‌ಗೆ ಕೈ ಎತ್ತಿ.

ದಿಬ್ಬ ಏರುವುದು, ನೆತ್ತಿ ದಾಟುವುದು

ಗಾಳಿ ಬೀಸಿ ಬರುವ ಕಡೆ ದಿಬ್ಬ ಉದ್ದಕ್ಕೆ, ಮೆಲ್ಲಗೆ ಏರುತ್ತದೆ, ಮರಳು ಗಟ್ಟಿ. ನೆತ್ತಿಯಾಚೆಗೆ ಸುಮಾರು 32ರಿಂದ 34 ಡಿಗ್ರಿ ಕಡಿದಾಗಿ ಇಳಿಯುತ್ತದೆ, ಅಲ್ಲಿ ಮರಳು ಪುಡಿಪುಡಿ. ಅಲ್ಲಿನ ಮುಖ್ಯ ಗಾಳಿ ‘ಶಮಾಲ್’ ವಾಯವ್ಯದಿಂದ ಬೀಸುತ್ತದೆ, ನಡುನಡುವೆ ದಿಕ್ಕು ಬದಲಾಗುತ್ತದೆ. ನಿನ್ನೆ ದಾರಿ ಇದ್ದಲ್ಲಿ ಇವತ್ತು ಅಂಚು ಕಡಿದು ನಿಂತಿರಬಹುದು. ಗೈಡ್‌ನ ಚಕ್ರದ ಗುರುತಿನ ಮೇಲೆಯೇ ನಿಮ್ಮ ಚಕ್ರ ಹೋಗಬೇಕು ಎನ್ನುವುದು ಇದಕ್ಕೇ. ಎರಡು ಮೀಟರ್ ಪಕ್ಕದಲ್ಲಿ ನೆಲ ಬೇರೆಯೇ ಇರುತ್ತದೆ.

ಏರಿನ ಬುಡದಲ್ಲೇ ಬೇಕಾದ ವೇಗ ಹಿಡಿಯಿರಿ. ಅರ್ಧಕ್ಕೆ ಹೋದ ಮೇಲೆ ಜೋರಾಗಿ ತುಳಿದರೆ ಚಕ್ರ ತಿರುಗಿ ಗುಂಡಿ ತೋಡುತ್ತದೆ. ನೆತ್ತಿಗೆ ನೇರವಾಗಿ ಹೋಗಿ, ಓರೆಯಾಗಿ ಅಲ್ಲ. ಮೂತಿ ನೆತ್ತಿ ಮುಟ್ಟುವುದಕ್ಕೆ ಒಂದು ಗಾಡಿಯಷ್ಟು ದೂರ ಇರುವಾಗ ಕಾಲನ್ನು ಮೆಲ್ಲಗೆ ಸಡಿಲಿಸಿ, ಗಾಡಿ ತನ್ನ ಓಟದಲ್ಲೇ ಅಂಚು ದಾಟಿ ಮೂತಿ ಬಗ್ಗಿಸಬೇಕು. ಕಲಿಯಬೇಕಾದದ್ದು ಈ ಒಂದು ಕ್ಷಣವನ್ನೇ. ಬೇಗ ಬಿಟ್ಟರೆ ಹೊಟ್ಟೆ ನೆತ್ತಿಗೆ ಕೂತು ನಾಲ್ಕೂ ಚಕ್ರ ಗಾಳಿಯಲ್ಲಿ. ಅದು ಮುಜುಗರವಷ್ಟೇ, ಅಪಾಯ ಕಡಿಮೆ. ಬಿಡದೆ ಹೋದರೆ ಗಾಡಿ ಹಾರುತ್ತದೆ, ಮೂತಿ ಕೆಳಗಾಗಿ ಬೀಳುತ್ತದೆ, ಬೆನ್ನೆಲುಬಿನ ಮೂಳೆ ಕುಸಿಯುವ ಪೆಟ್ಟುಗಳು ಆಗುವುದು ಹೀಗೆ. ಓಡಿಸುವವರಿಗೆ ಹಾರುವುದು ಮೊದಲೇ ಗೊತ್ತಿರುವುದರಿಂದ ಮೈ ಬಿಗಿದಿರುತ್ತಾರೆ, ಪಕ್ಕದಲ್ಲಿ ಕೂತ ಹೆಂಡತಿಗೋ ಅಮ್ಮನಿಗೋ ಅದು ತಿಳಿಯುವುದಿಲ್ಲ. ಸಂಶಯ ಬಂದರೆ ಬೇಗ ಬಿಡಿ. ಕೂತ ಗಾಡಿಯನ್ನು ಎಳೆಯಬಹುದು.

ಮುಂದಿನ ಬಗ್ಗಿ ನೆತ್ತಿ ದಾಟಿ, ಆಚೆ ಕೆಳಗೆ ತಲುಪಿ, ಗೈಡ್ ಕೈ ತೋರಿಸುವವರೆಗೆ ನೀವು ಬುಡದಲ್ಲೇ ನಿಲ್ಲಬೇಕು. ಗಾಡಿಗೆ ಕಟ್ಟಿದ ಉದ್ದನೆಯ ಕೋಲಿನ ತುದಿಯ ಬಾವುಟ ದಿಬ್ಬದ ಮೇಲಿಂದ ಕಾಣಲೆಂದೇ ಇರುವುದು.

ಏರಲಾಗದೆ ನಡುವೆ ನಿಂತರೆ ಅಲ್ಲೇ ತಿರುಗಿಸಲು ಹೋಗಬೇಡಿ. ಅಡ್ಡಕ್ಕೆ ನಿಂತ ಗಾಡಿ ಉರುಳುತ್ತದೆ. ಬ್ರೇಕ್ ಹಿಡಿದು ನಿಲ್ಲಿಸಿ, ‘ಆರ್’ ಹಾಕಿ, ಬಂದ ಗುರುತಿನಲ್ಲೇ ನೇರ ಹಿಂದಕ್ಕೆ ಇಳಿಯಿರಿ.

ಇಳಿಯುವಾಗ ಘಾಟಿಯ ಅಭ್ಯಾಸ ಕೈಕೊಡುತ್ತದೆ. ಇಳಿಜಾರಿನಲ್ಲಿ ಹೆದರಿ ಬ್ರೇಕ್ ತುಳಿದರೆ ಮುಂದಿನ ಚಕ್ರ ಮರಳಿಗೆ ಹೂತು ಹಿಂಭಾಗ ಬದಿಗೆ ಸರಿಯುತ್ತದೆ. ಸರಿದ ಗಾಡಿ ಮರುಕ್ಷಣ ಅಡ್ಡ, ಅಡ್ಡವಾದದ್ದು ಮಗುಚುತ್ತದೆ. ಸ್ಟೀರಿಂಗ್ ನೇರ ಇಟ್ಟು, ಆಕ್ಸಿಲರೇಟರ್ ಮೇಲೆ ಕಾಲು ತಾಗಿಸಿದಷ್ಟೇ ಇರಿಸಿ ಇಳಿಯಿರಿ. ಹಿಂಭಾಗ ಸರಿಯತೊಡಗಿದರೆ ಮೂತಿಯನ್ನು ಇಳಿಜಾರಿನ ಕಡೆಗೇ ತಿರುಗಿಸಿ ಆಕ್ಸಿಲರೇಟರ್ ಸ್ವಲ್ಪ ಒತ್ತಿ, ಗಾಡಿ ತಾನೇ ನೆಟ್ಟಗಾಗುತ್ತದೆ. ಏರಿನ ಕಡೆ ಎಳೆದರೆ ಮುಗಿಯಿತು.

ಕುರುಚಲು ಗಿಡಗಳ ಬುಡದ ಮರಳುಗುಪ್ಪೆಗಳನ್ನು ಬಳಸಿ ಹೋಗಿ. ಅವು ಮೆತ್ತಗೆ ಕಾಣುತ್ತವೆ, ಒಳಗೆ ಬೇರು ಹಿಡಿದು ಗಟ್ಟಿಯಾಗಿರುತ್ತವೆ. ಒಂಟೆಗಳು ಕಂಡರೆ ದೂರದಲ್ಲೇ ನಿಧಾನಿಸಿ, ಒಂದು ದಾಟಿದರೆ ಹಿಂದೆ ಇನ್ನೊಂದು ಬರುತ್ತದೆ.

ಹೂತುಹೋದರೆ

ಚಕ್ರ ತಿರುಗುತ್ತಿದೆ, ಗಾಡಿ ಹೋಗುತ್ತಿಲ್ಲ ಎಂದಾದರೆ ಕೂಡಲೇ ಕಾಲು ತೆಗೆಯಿರಿ. ಸ್ಟೀರಿಂಗ್ ನೇರ ಮಾಡಿ, ಒಮ್ಮೆ ಮೆಲ್ಲಗೆ ರಿವರ್ಸ್ ಪ್ರಯತ್ನಿಸಿ. ಬಂದ ಗುರುತಿನ ಮರಳು ಆಗಲೇ ಒತ್ತಿಕೊಂಡಿರುವುದರಿಂದ ಬಹಳ ಸಲ ಇಷ್ಟಕ್ಕೇ ಬಿಡಿಸಿಕೊಳ್ಳುತ್ತದೆ. ಆಗದಿದ್ದರೆ ಎಂಜಿನ್ ನಿಲ್ಲಿಸಿ ಗೈಡ್‌ಗೆ ಕಾಯಿರಿ. ಚಕ್ರದ ಮುಂದಿನ, ಹಿಂದಿನ ಮರಳು ತೋಡಿ, ಹೊಟ್ಟೆಯಡಿಯದ್ದನ್ನೂ ತೆಗೆದ ಮೇಲೆ ಹಗ್ಗ ಕಟ್ಟುತ್ತಾರೆ. ಎಳೆಯುವ ಹಗ್ಗದ ಹತ್ತಿರ ಯಾರೂ ನಿಲ್ಲಬಾರದು, ಅದು ಕಿತ್ತರೆ ಚಾವಟಿಯಂತೆ ಹೊಡೆಯುತ್ತದೆ. ಅಪಘಾತವಾದರೆ ಆಂಬುಲೆನ್ಸ್ 998, ಪೊಲೀಸ್ 999.

ಇದನ್ನೆಲ್ಲ ಓದಿ, ಹೋಗುವ ಮೊದಲು ತಣ್ಣೀರುಬಾವಿಯಲ್ಲೋ ಮಲ್ಪೆಯಲ್ಲೋ ಜೀಪು ಇಳಿಸಿ ಅಭ್ಯಾಸ ಮಾಡುವ ಯೋಚನೆ ಬೇಡ. ಕಡಲ ಬದಿಯ ಒದ್ದೆ ಮರಳಿನ ಗುಣವೇ ಬೇರೆ, ಗಟ್ಟಿ ಎನ್ನುವಷ್ಟರಲ್ಲಿ ಕುಸಿಯುತ್ತದೆ, ಅಲೆ ಏರಿದರೆ ಗಾಡಿ ಹೋಯಿತು. ಅಲ್ಲಿ ಜನ, ಮಕ್ಕಳು ಇರುತ್ತಾರೆ. ನಮ್ಮ ಕರಾವಳಿಯ ಮರಳಿನಲ್ಲಿ ಕಡಲಾಮೆಗಳು ಮೊಟ್ಟೆ ಇಡುತ್ತವೆ, ಮೇಲೆ ಚಕ್ರ ಹೋದರೆ ಗೂಡು ಉಳಿಯುವುದಿಲ್ಲ.

ಮರಳಿ ಬಂದ ಮೇಲೆ

ಹೊರಡುವ ಮುಂಚೆ ಗಾಡಿಯ ನಾಲ್ಕೂ ಬದಿ, ಟಯರ್, ಪಂಜರದ ಗೀರುಗಳನ್ನು ವಿಡಿಯೊ ಮಾಡಿಟ್ಟಿದ್ದರೆ ಈಗ ಕೆಲಸಕ್ಕೆ ಬರುತ್ತದೆ. ಮರಳಿಸುವಾಗ ಸಿಬ್ಬಂದಿಯ ಎದುರೇ ಮತ್ತೊಮ್ಮೆ ಮಾಡಿ. ಕಣ್ಣಿಗೆ ಮರಳು ಬಿದ್ದಿದ್ದರೆ ಉಜ್ಜದೆ ಶುದ್ಧ ನೀರು ಹಾಯಿಸಿ. ಕತ್ತು, ಬೆನ್ನಿನ ನೋವು ಕೆಲವೊಮ್ಮೆ ಮರುದಿನ ಬೆಳಗ್ಗೆ ಗೊತ್ತಾಗುತ್ತದೆ. ಕೈಕಾಲು ಜೋಮು ಹಿಡಿದರೆ ಊರಿಗೆ ಬಂದು ತೋರಿಸೋಣ ಎಂದು ಕಾಯದೆ ಅಲ್ಲೇ ವೈದ್ಯರನ್ನು ಕಾಣಿ. ಡೆಪಾಸಿಟ್ಟನ್ನು ಕಾರ್ಡಿನಲ್ಲಿ ಹಿಡಿದಿಟ್ಟಿದ್ದರೆ ಬಿಡುಗಡೆಗೆ ಕೆಲವು ದಿನ ಹಿಡಿಯುತ್ತದೆ. ‘ಹಾನಿ ಇಲ್ಲ’ ಎಂದು ಬರೆದು ಸಹಿ ಹಾಕಿದ ಚೀಟಿಯನ್ನು ಆ ಹಣ ಖಾತೆಗೆ ಬರುವವರೆಗೆ ಇಟ್ಟುಕೊಳ್ಳಿ.