ಶುರುವಿನ ಎರಡು ವಾರ, ಬಿಡುವಾಗಿನ ಆರು ತಿಂಗಳು

ಆತಂಕದ ಕಾಯಿಲೆಗೆ ಡಾಕ್ಟರು ನನಗೆ ಬರೆದುಕೊಟ್ಟದ್ದು ಎಸಿಟಲೋಪ್ರಾಮ್. ಖಿನ್ನತೆಗೂ ಆತಂಕಕ್ಕೂ ಕೊಡುವ ಈ ಬಗೆಯ ಮಾತ್ರೆಗಳು ಮೊದಲ ಒಂದೆರಡು ವಾರ ಆತಂಕವನ್ನೇ ಏರಿಸಬಹುದು. ಎದೆ ಡವಗುಟ್ಟುತ್ತದೆ, ಕೈ ನಡುಗುತ್ತದೆ, ಹೊಟ್ಟೆ ತೊಳಸುತ್ತದೆ, ನಿದ್ದೆ ಹಾರುತ್ತದೆ. ಗುಣ ಕಾಣಲು ಎರಡರಿಂದ ಆರು ವಾರ ಬೇಕು. ತೊಂದರೆ ಮೊದಲು, ಗುಣ ಆಮೇಲೆ. ಇದನ್ನು ಯಾರೂ ಹೇಳದಿದ್ದರೆ 'ನನಗೆ ಒಗ್ಗಲಿಲ್ಲ' ಎಂದು ನಾಲ್ಕನೇ ದಿನಕ್ಕೇ ಮಾತ್ರೆ ಬಿಡುವುದು ತೀರಾ ಸಹಜ.

ನಾನು 5 ಮಿ.ಗ್ರಾಂ.ನಿಂದ ಶುರು ಮಾಡಿ ಎಂಟನೇ ದಿನ 10ಕ್ಕೆ ಹೋದೆ. ಸಣ್ಣ ಡೋಸಿನಿಂದ ಶುರು ಮಾಡಬಹುದೇ ಎಂದು ಡಾಕ್ಟರನ್ನು ಕೇಳಲು ಸಂಕೋಚ ಬೇಡ. ನುಂಗುತ್ತಿದ್ದದ್ದು ಬೆಳಿಗ್ಗೆ ತಿಂಡಿಯಾದ ಮೇಲೆ. ಖಾಲಿ ಹೊಟ್ಟೆಯಲ್ಲಿ ವಾಕರಿಕೆ ಜಾಸ್ತಿ. ಮಂಪರು ಬರುವವರಿಗೆ ರಾತ್ರಿಯೇ ಸರಿ. ಕಾಫಿಯನ್ನು ಮೂರು ಲೋಟದಿಂದ ಬೆಳಗಿನ ಅರ್ಧ ಲೋಟಕ್ಕೆ ಇಳಿಸಿದೆ. ಗಟ್ಟಿ ಡಿಕಾಕ್ಷನ್ ಎಬ್ಬಿಸುವ ಎದೆಬಡಿತಕ್ಕೂ ಮಾತ್ರೆಯನ್ನೇ ದೂರುವಂತಾಗಬಾರದು.

ನೂರು ಪುಟದ ಒಂದು ನೋಟ್‌ಬುಕ್ಕಿನಲ್ಲಿ ದಿನಕ್ಕೊಂದು ಸಾಲು ಬರೆದೆ: ತಾರೀಖು, ಡೋಸು, ಎಷ್ಟು ಗಂಟೆ ನಿದ್ದೆ, ಬೆಳಿಗ್ಗೆ ಮತ್ತು ರಾತ್ರಿಯ ಆತಂಕಕ್ಕೆ 0ಯಿಂದ 10ರವರೆಗೆ ಅಂಕ. ಗಾಬರಿಯಲ್ಲಿರುವಾಗ 'ಯಾವಾಗಲೂ ಹೀಗೇ ಇದೆ' ಅನ್ನಿಸುತ್ತದೆ. ಬರೆದಿಟ್ಟ ಸಾಲುಗಳು ಹಾಗಿಲ್ಲವೆಂದು ತೋರಿಸುತ್ತವೆ. ಇಡೀ ವಿಷಯದಲ್ಲಿ ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ಈ ತಾರೀಖುಗಳೇ. ಮಾತ್ರೆ ಬಿಡುವಾಗ ಅವು ಇನ್ನೂ ಮುಖ್ಯ.

ಗಾಬರಿ ಉಕ್ಕಿದಾಗ ದೊಡ್ಡದಾಗಿ ಉಸಿರೆಳೆಯುವುದು ತಪ್ಪು. ಅತಿಯಾಗಿ ಉಸಿರಾಡಿದರೆ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ತಗ್ಗಿ ಬೆರಳು ಜುಮ್ಮೆನ್ನುತ್ತವೆ, ತಲೆ ಸುತ್ತುತ್ತದೆ, ಗಾಬರಿ ಮತ್ತಷ್ಟು ಏರುತ್ತದೆ. ಮೂಗಿನಿಂದ ಮೆಲ್ಲಗೆ ನಾಲ್ಕು ಎಣಿಕೆ ಒಳಕ್ಕೆ, ಆರು ಎಣಿಕೆ ಹೊರಕ್ಕೆ, ಐದು ನಿಮಿಷ. ಗಾಬರಿ ಇಲ್ಲದಾಗಲೂ ದಿನಕ್ಕೆ ಎರಡು ಸಲ ಅಭ್ಯಾಸ ಮಾಡಿದ್ದರೆ ಮಾತ್ರ ಬೇಕಾದ ಹೊತ್ತಿಗೆ ಕೈಗೆ ಸಿಗುತ್ತದೆ.

ಮೊದಲ ವಾರಗಳನ್ನು ದಾಟಿಸಲು ಕ್ಲೋನಜೆಪಾಮ್ ಎಂಬ ಇನ್ನೊಂದು ಮಾತ್ರೆಯನ್ನು 0.25 ಮಿ.ಗ್ರಾಂ. ಕೊಡುವುದುಂಟು. ಅದು ಬೇಗ ಕೆಲಸ ಮಾಡುತ್ತದೆ, ಆದರೆ ಕೆಲವೇ ವಾರಗಳಲ್ಲಿ ದೇಹ ಅದಕ್ಕೆ ಒಗ್ಗಿಕೊಂಡುಬಿಡುತ್ತದೆ. ಎಂದು ನಿಲ್ಲಿಸುವುದು ಎಂಬುದನ್ನು ಶುರು ಮಾಡುವ ದಿನವೇ ಕೇಳಿ ಬರೆದುಕೊಳ್ಳಿ. ಜೊತೆಗೆ ಮದ್ಯ ಕೂಡದು. ಇನ್ನೊಂದು ಮಾತು: ನಮ್ಮ ಮೆಡಿಕಲ್ ಶಾಪುಗಳಲ್ಲಿ ಹೆಸರಿನ ಕೊನೆಗೆ 'ಪ್ಲಸ್' ಎಂದಿರುವ ಮಾತ್ರೆಗಳು ಸಿಗುತ್ತವೆ. ಅವುಗಳಲ್ಲಿ ಎಸಿಟಲೋಪ್ರಾಮ್ ಜೊತೆ ಕ್ಲೋನಜೆಪಾಮ್ ಅಥವಾ ಅದರಂಥದೇ ಎಟಿಜೋಲಾಮ್ ಸೇರಿರಬಹುದು. ಈ ಕ್ಲೋನಜೆಪಾಮ್, ಎಟಿಜೋಲಾಮ್‌ಗಳನ್ನು ಬಹಳ ಕಾಲ ತೆಗೆದುಕೊಂಡು ಒಮ್ಮೆಲೇ ಬಿಟ್ಟರೆ ಫಿಟ್ಸ್ ಬರುವ ಅಪಾಯವೂ ಇದೆ. ಸ್ಟ್ರಿಪ್ಪಿನ ಹಿಂದಿನ ಸಣ್ಣ ಅಕ್ಷರಗಳನ್ನು ಓದಿ. ಎರಡೂ ಕೂಡಿದ ಮಾತ್ರೆಯಾದರೆ ಬಿಡುವ ಮೊದಲು ಬೇರೆ ಬೇರೆ ಮಾಡಿಸಿಕೊಳ್ಳಿ. ಇಲ್ಲದಿದ್ದರೆ ಯಾವುದು ಕಡಿಮೆಯಾಗಿ ತೊಂದರೆ ಬಂತೆಂದು ತಿಳಿಯುವುದೇ ಇಲ್ಲ.

ಸಹಿಸಿಕೊಂಡು ಕಾಯಬಾರದ ಲಕ್ಷಣಗಳೂ ಇವೆ. ಕೂತಲ್ಲಿ ಕೂರಲಾಗದ, ನಿಂತಲ್ಲಿ ನಿಲ್ಲಲಾಗದ ಒಳಗಿನ ಚಡಪಡಿಕೆ. ನಿದ್ದೆಯೇ ಬೇಡವೆನಿಸಿ ಹುರುಪು ಮಿತಿಮೀರುವುದು. ಸಾಯುವ ಯೋಚನೆ, ಅದರಲ್ಲೂ ವಯಸ್ಸು 25ರೊಳಗಿದ್ದರೆ. ಅಂದೇ ಡಾಕ್ಟರಿಗೆ ಫೋನ್ ಮಾಡಿ. ಅವರು ಸಿಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ಹಗಲೂ ರಾತ್ರಿಯೂ ಇರುತ್ತದೆ, ಕನ್ನಡದಲ್ಲಿ ಮಾತಾಡಬಹುದು. ಜೀವಕ್ಕೆ ಅಪಾಯವೆನಿಸಿದರೆ ಒಬ್ಬರೇ ಇರಬೇಡಿ, ನೇರ ಆಸ್ಪತ್ರೆಗೆ ಹೋಗಿ.

ಇನ್ನು ಬಿಡುವುದು. ಗುಣವಾದ ಮೇಲೂ ಕನಿಷ್ಠ ಆರು ತಿಂಗಳಿಂದ ಒಂದು ವರ್ಷ ಮುಂದುವರಿಸುವುದು ರೂಢಿ. ಮದುವೆ, ಪರೀಕ್ಷೆ, ಮನೆ ಬದಲಾವಣೆಯ ಸಮಯದಲ್ಲಿ ಬಿಡಲು ಹೊರಡಬೇಡಿ. ಡಾಕ್ಟರು ಒಪ್ಪಿದ ಮೇಲೆ ನಾನು 10ರಿಂದ 7.5ಕ್ಕೆ ಇಳಿದು ನಾಲ್ಕು ವಾರ, 5ರಲ್ಲಿ ಆರು ವಾರ, 3.75ರಲ್ಲಿ ನಾಲ್ಕು ವಾರ, 2.5ರಲ್ಲಿ ಆರು, 1.25ರಲ್ಲಿ ಆರು ವಾರ ಇದ್ದೆ. ಎಲ್ಲವೂ 5ರ ಮಾತ್ರೆಯ ಭಾಗಗಳೇ: ಒಂದೂವರೆ, ಒಂದು, ಮುಕ್ಕಾಲು, ಅರ್ಧ, ಕಾಲು. ಚಾಕುವಿನಲ್ಲಿ ಕತ್ತರಿಸಿದರೆ ಪುಡಿಯಾಗುತ್ತದೆ. ಮೆಡಿಕಲ್‌ನಲ್ಲಿ ಸಿಗುವ ಪುಟ್ಟ ಮಾತ್ರೆ ಕಟರ್ ಬೇಕು. ಕಾಲು ಭಾಗಗಳು ಸಮನಾಗಿ ಬರುವುದಿಲ್ಲ, ಅದಕ್ಕೆ ಒಂದು ಮಾತ್ರೆಯ ನಾಲ್ಕು ತುಂಡು ಮುಗಿದ ಮೇಲೆಯೇ ಇನ್ನೊಂದನ್ನು ಕತ್ತರಿಸುತ್ತಿದ್ದೆ. ಇದೇ ಕಾಯಿಲೆಗೆ ಕೊಡುವ ವೆನ್ಲಾಫ್ಯಾಕ್ಸಿನ್ ಮುಂತಾದವುಗಳ ನಿಧಾನವಾಗಿ ಕರಗುವ ಮಾತ್ರೆಗಳನ್ನು ಕತ್ತರಿಸಲೇಬಾರದು.

ಕೊನೆಯಲ್ಲಿ ಇಷ್ಟು ಸಣ್ಣ ಮೆಟ್ಟಿಲು ಯಾಕೆ? ಡೋಸು ಅರ್ಧವಾದರೆ ಮಿದುಳಿನ ಮೇಲಿನ ಪರಿಣಾಮ ಅರ್ಧವಾಗುವುದಿಲ್ಲ. 10ರಿಂದ 5ಕ್ಕೆ ಇಳಿದಾಗ ಅದು ತಗ್ಗುವುದು ಸ್ವಲ್ಪವೇ, 2.5ರಿಂದ ಸೊನ್ನೆಗೆ ಇಳಿಯುವುದೇ ದೊಡ್ಡ ಜಿಗಿತ. ಮನೋವೈದ್ಯಕೀಯ ಸಂಶೋಧಕರಾದ ಮಾರ್ಕ್ ಹೊರೊವಿಟ್ಜ್ ಮತ್ತು ಡೇವಿಡ್ ಟೇಲರ್ 2019ರಲ್ಲಿ ಇದನ್ನೇ ವಿವರಿಸಿ, ಕೆಳಗೆ ಬಂದಷ್ಟೂ ಮೆಟ್ಟಿಲು ಚಿಕ್ಕದಾಗಬೇಕು ಎಂದರು. ದಿನ ಬಿಟ್ಟು ದಿನ ನುಂಗುವ ಉಪಾಯವೂ ಸಲ್ಲ: ರಕ್ತದಲ್ಲಿನ ಎಸಿಟಲೋಪ್ರಾಮ್ ಸುಮಾರು 30 ಗಂಟೆಗಳಲ್ಲಿ ಅರ್ಧಕ್ಕೆ ಇಳಿಯುತ್ತದೆ, ಹಾಗಾಗಿ ದೇಹಕ್ಕೆ ಏರಿಳಿತವೇ ಸಿಗುತ್ತದೆ. ಇದೇ ಬಗೆಯ ಪ್ಯಾರೊಕ್ಸೆಟಿನ್, ಮತ್ತೆ ವೆನ್ಲಾಫ್ಯಾಕ್ಸಿನ್ ಇನ್ನೂ ಬೇಗ ಇಳಿಯುವುದರಿಂದ ಅವುಗಳನ್ನು ಬಿಡುವುದು ಹೆಚ್ಚು ಕಷ್ಟ.

ಡೋಸು ಇಳಿಸಿದ ಎರಡು ಮೂರು ದಿನಗಳಲ್ಲೇ ತಲೆಯೊಳಗೆ ಕರೆಂಟ್ ಹೊಡೆದಂತಾಗುವುದು, ತಲೆಸುತ್ತು, ವಿಚಿತ್ರ ಕನಸು, ಸಿಡುಕು, ಆತಂಕ ಬಂದರೆ ಅದು ಬಹುತೇಕ ಮಾತ್ರೆ ಇಳಿದ ಪರಿಣಾಮ. ಕಾಯಿಲೆ ಮರುಕಳಿಸುವುದು ಸಾಮಾನ್ಯವಾಗಿ ವಾರಗಳು ಕಳೆದ ಮೇಲೆ, ಮೆಲ್ಲಗೆ, ಹಳೆಯ ರೂಪದಲ್ಲೇ. ಕರೆಂಟ್ ಹೊಡೆತ ಅದರಲ್ಲಿ ಇರುವುದಿಲ್ಲ. ನೋಟ್‌ಬುಕ್ಕಿನ ತಾರೀಖುಗಳಿಂದಲೇ ಇವೆರಡನ್ನು ಬೇರ್ಪಡಿಸಲು ಆಗುವುದು. ತಡೆಯಲಾರದಷ್ಟಾದರೆ ಡಾಕ್ಟರಿಗೆ ತಿಳಿಸಿ ಹಿಂದಿನ ಮೆಟ್ಟಿಲಿಗೆ ಮರಳಿ, ಕೆಲವು ವಾರ ಅಲ್ಲೇ ನಿಂತು, ಆಮೇಲೆ ಇನ್ನೂ ಸಣ್ಣದಾಗಿ ಇಳಿಯಬೇಕು. 5 ಮತ್ತು 2.5ರ ನಡುವೆ 3.75 ಸೇರಿಕೊಂಡದ್ದು ಹಾಗೆಯೇ.

ಊರಿನ ಜಾತ್ರೆಗೆ ಹೋಗಿ ಮಾತ್ರೆ ಮರೆತುಬರುವುದು, ಭಾನುವಾರ ಸ್ಟ್ರಿಪ್ ಖಾಲಿಯಾಗುವುದು, ಇವೂ ಒಮ್ಮೆಲೇ ಬಿಟ್ಟಂತೆಯೇ. ಹತ್ತು ದಿನದ ಮಾತ್ರೆ, ಚೀಟಿಯ ಫೋಟೊ ಯಾವಾಗಲೂ ಜೊತೆಯಲ್ಲಿರಲಿ. ಒಂದು ದಿನ ತಪ್ಪಿದರೆ ಮರುದಿನ ಎರಡು ನುಂಗಬೇಡಿ.

ಕೊನೆಯ ತುಂಡು ಮುಗಿದ ಮೇಲೂ ಮೂರು ತಿಂಗಳು ಬರೆಯುತ್ತಿದ್ದೆ. ರಾತ್ರಿಯ ಅಂಕ ಸತತ ಎರಡು ವಾರ 6 ದಾಟಿದರೆ ಯೋಚಿಸುತ್ತ ಕೂರದೆ ಡಾಕ್ಟರನ್ನು ಕಾಣುವುದು ಎಂದು ಮೊದಲ ಪುಟದಲ್ಲೇ ಬರೆದಿಟ್ಟಿದ್ದೆ, ಅದನ್ನು ಮನೆಯವರಿಗೂ ತೋರಿಸಿದ್ದೆ.