ಮರಿ ಎದ್ದಿತೇ? ಎತ್ತಿಕೊಂಡು ಹೊರಗೆ ನಡೆಯಿರಿ

ಕೆಂಚಿ ನಮ್ಮ ಮನೆಗೆ ಬಂದಾಗ ಅವಳಿಗೆ 8 ವಾರ. ಬೀದಿನಾಯಿಯ ಮರಿ. ಬಂದ ದಿನವೇ ಮೂರು ಕಾಲೊರೆಸುಗಳನ್ನು ಒದ್ದೆ ಮಾಡಿದಳು. ಅಷ್ಟಗಲ ಬೋಳು ನೆಲವಿದ್ದರೂ ಕಾಲೊರೆಸನ್ನೇ ಹುಡುಕಿಕೊಂಡು ಹೋಗುತ್ತಿದ್ದಳು. ಪಾದದಡಿ ಮೆತ್ತಗಿರುವ, ಒದ್ದೆಯನ್ನು ಹೀರಿಕೊಳ್ಳುವ ಜಾಗವೆಂದರೆ ಮರಿಗಳಿಗೆ ಹಿತ. ಹೊರಗೆ ಹುಲ್ಲು ಹೇಗೋ ಒಳಗೆ ಕಾಲೊರೆಸು ಹಾಗೆ. ಆದ್ದರಿಂದ ಮರಿ ತರುವ ಮುನ್ನವೇ ಕಾಲೊರೆಸು, ಚಾಪೆ, ಜಮಖಾನೆಗಳನ್ನು ಸುತ್ತಿ ಅಟ್ಟಕ್ಕೆ ಹಾಕಿ. ಎರಡು ತಿಂಗಳು ಅವು ಅಲ್ಲೇ ಇರಲಿ.

ಹುಟ್ಟಿದ ಮೊದಲ ಎರಡು ಮೂರು ವಾರ ಮರಿಗೆ ತಾನಾಗಿ ಮಲಮೂತ್ರ ಮಾಡಲು ಬರುವುದಿಲ್ಲ. ತಾಯಿ ನೆಕ್ಕಿ ನೆಕ್ಕಿ ಮಾಡಿಸುತ್ತದೆ, ಮಲಗುವ ಜಾಗವನ್ನೂ ತಾನೇ ಶುಚಿಯಾಗಿಡುತ್ತದೆ. ಕಾಲಿಗೆ ಬಲ ಬಂದ ಮೇಲೆ ಮರಿಯೇ ತೆವಳಿ ಅತ್ತ ಸರಿದು ಮಾಡಿ ಬರುತ್ತದೆ. ಅಂದರೆ ಮಲಗುವ ಜಾಗ ಹೊಲಸಾಗಬಾರದೆಂಬುದು ನಮ್ಮ ಕೈಗೆ ಬರುವಷ್ಟರಲ್ಲಿ ಅದಕ್ಕೆ ಗೊತ್ತಿರುತ್ತದೆ. ಇಡೀ ಮನೆಯೇ ತಾನು ಮಲಗುವ ಜಾಗ ಎಂಬುದಷ್ಟೇ ಗೊತ್ತಿಲ್ಲ. ಆ ಗೂಡನ್ನು ಸ್ವಲ್ಪ ಸ್ವಲ್ಪವಾಗಿ ಮನೆಯಷ್ಟು ದೊಡ್ಡದು ಮಾಡುವುದು ನಮ್ಮ ಕೆಲಸ. ಮೊದಲ ವಾರ ಒಂದು ಮೂಲೆ, ಅಲ್ಲಿ ಒದ್ದೆಯಾಗದಿದ್ದರೆ ಒಂದು ಕೋಣೆ, ಆಮೇಲೆ ನಡುಮನೆ. ಮೊದಲ ದಿನವೇ ಮನೆಯಿಡೀ ಓಡಾಡಲು ಬಿಟ್ಟವರೇ ಹೆಚ್ಚು ಒರೆಸುವವರು.

ಜಾಗ ಒಂದೇ ಇರಲಿ

ಹಿತ್ತಲಿದ್ದರೆ ಅದರ ಒಂದು ಮೂಲೆ ಸಾಕು. ಅಪಾರ್ಟ್‌ಮೆಂಟಿನವರು ಅಗಲವಾದ ಟ್ರೇಯಲ್ಲಿ ಮಣ್ಣು, ಹುಲ್ಲು ಹಾಕಿ ಬಾಲ್ಕನಿಯಲ್ಲಿಡಬಹುದು. ಹಳೆಯ ಪತ್ರಿಕೆ ಹಾಸಿಯೂ ಕಲಿಸಬಹುದು, ಆದರೆ ಮುಂದೆ ಹೊರಗೆ ಕರೆದೊಯ್ಯುವ ಯೋಚನೆಯಿದ್ದರೆ ಮಣ್ಣೇ ಮೇಲು. ಪತ್ರಿಕೆಗೆ ಒಗ್ಗಿದ ಮರಿಗೆ ಹುಲ್ಲನ್ನು ಮತ್ತೆ ಮೊದಲಿನಿಂದ ಕಲಿಸಬೇಕಾಗುತ್ತದೆ.

ಲಸಿಕೆ ಮುಗಿಯುವವರೆಗೆ ಬೀದಿ ಬದಿಗೆ, ಪಾರ್ಕಿಗೆ ಇಳಿಸಬೇಡಿ. ಮರಿಗಳಿಗೆ ವಾಂತಿ, ರಕ್ತಭೇದಿ ತಂದು ಜೀವಕ್ಕೇ ಎರವಾಗಬಲ್ಲ ಪಾರ್ವೊ ವೈರಾಣು ಸೋಂಕಿತ ನಾಯಿಯ ಮಲದಿಂದ ಹರಡುತ್ತದೆ, ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಲಸಿಕೆ 6ರಿಂದ 8ನೇ ವಾರಕ್ಕೆ ಶುರುವಾಗಿ, ಮರಿಗೆ 16 ವಾರ ತುಂಬುವವರೆಗೆ ಕಂತಿನಲ್ಲಿ ನಡೆಯುತ್ತದೆ. ಅಲ್ಲಿಯವರೆಗೆ ಬೇರೆ ನಾಯಿಗಳು ಓಡಾಡದ ಜಾಗವೇ ಕ್ಷೇಮ.

ಮೂರು ಗಳಿಗೆ

ಇಡೀ ಪಾಠ ನಿಂತಿರುವುದು ಈ ಮೂರು ಗಳಿಗೆಗಳ ಮೇಲೆ: ನಿದ್ದೆಯಿಂದ ಎದ್ದಾಗ, ಉಂಡ ಮೇಲೆ, ಆಟ ನಿಲ್ಲಿಸಿದಾಗ. ಎದ್ದ ಮರಿಗೆ ನಿಮಿಷವೂ ತಡೆಯಲಾಗುವುದಿಲ್ಲ. ಹೊಟ್ಟೆಗೆ ಆಹಾರ ಬಿದ್ದರೆ ಕರುಳು ಚುರುಕಾಗುತ್ತದೆ, ಹಾಗಾಗಿ ಉಂಡ ಅರ್ಧ ಗಂಟೆಯೊಳಗೆ ಮಲವಿಸರ್ಜನೆ ಆಗುವುದು ಸಹಜ. ಊಟ ಹೊತ್ತಿಗೆ ಸರಿಯಾಗಿ, ದಿನಕ್ಕೆ ಮೂರು ನಾಲ್ಕು ಬಾರಿ ಕೊಟ್ಟರೆ ಇದೂ ಹೊತ್ತಿಗೆ ಸರಿಯಾಗಿ ಬರುತ್ತದೆ. ತಟ್ಟೆಯಲ್ಲಿ ದಿನವಿಡೀ ಅನ್ನ ಇಟ್ಟಿದ್ದರೆ ಯಾವ ಲೆಕ್ಕವೂ ಸಿಗದು. ಇವಲ್ಲದೆ ಹಗಲಿನಲ್ಲಿ ಗಂಟೆ, ಒಂದೂವರೆ ಗಂಟೆಗೊಮ್ಮೆ ಹೊರಗೆ ಒಯ್ಯಿರಿ. ಮರಿಯ ವಯಸ್ಸಿನ ತಿಂಗಳಿಗೆ ಒಂದು ಕೂಡಿಸಿದರೆ ಅದು ಹಗಲಿನಲ್ಲಿ ತಡೆದುಕೊಳ್ಳಬಲ್ಲ ಹೆಚ್ಚೆಂದರೆ ಹೆಚ್ಚು ಗಂಟೆ. ಎಚ್ಚರವಾಗಿ ಆಡುತ್ತಿರುವಾಗ ಅಷ್ಟೂ ಆಗುವುದಿಲ್ಲ.

ನಮ್ಮದು ಮೊದಲ ಮಹಡಿಯ ಬಾಡಿಗೆ ಮನೆ. 22 ಮೆಟ್ಟಿಲು ಇಳಿದರೆ ಕಾಂಪೌಂಡಿನ ಮೂಲೆಯಲ್ಲಿ ಒಂದು ನುಗ್ಗೆ ಮರ. ನಡೆಸಿಕೊಂಡು ಹೋದರೆ ಐದನೇ ಮೆಟ್ಟಿಲಿನಲ್ಲೇ ಕೆಂಚಿ ಕುಕ್ಕರಿಸುತ್ತಿದ್ದಳು. ಎತ್ತಿಕೊಂಡರೆ ಮರದವರೆಗೆ ತಡೆಯುತ್ತಿದ್ದಳು. ಅಲ್ಲಿಗೆ ಹೋದ ಮೇಲೆ ಸುಮ್ಮನೆ ನಿಲ್ಲಬೇಕು. ಮುದ್ದು ಬೇಡ, ಮೊಬೈಲ್ ಬೇಡ. ಮೂಗು ನೆಲಕ್ಕೆ ಇಳಿಯುತ್ತದೆ, ಒಂದೇ ಕಡೆ ಎರಡು ಸುತ್ತು ಸುತ್ತುತ್ತದೆ, ಹಿಂಗಾಲು ಮಡಿಯುತ್ತದೆ. ಆಗ ಮೆಲ್ಲಗೆ ‘ಉಚ್ಚೆ ಮಾಡು’ ಎನ್ನಿ, ಮನೆಯವರೆಲ್ಲ ಅದೇ ಮಾತು ಬಳಸಿ. ಮುಗಿದ ಕೂಡಲೇ, ಅಲ್ಲಿಯೇ, ಬೇಯಿಸಿದ ಕೋಳಿಯ ಚೂರನ್ನೋ ಪನೀರಿನ ತುಣುಕನ್ನೋ ಬಾಯಿಗೆ ಕೊಡಿ. ಮನೆಗೆ ಬಂದ ಮೇಲೆ ಕೊಟ್ಟರೆ ಅದು ಮೆಟ್ಟಿಲು ಹತ್ತಿದ್ದಕ್ಕೆ ಸಿಕ್ಕ ಕೂಲಿ ಎಂದೇ ಮರಿಯ ಎಣಿಕೆ. ಮುಗಿದೊಡನೆ ಒಳಗೆ ಹೊತ್ತು ತರಲೂ ಬೇಡಿ, ಐದು ನಿಮಿಷ ಆಡಲು ಬಿಡಿ. ಇಲ್ಲದಿದ್ದರೆ ಹೊರಗೆ ಹೆಚ್ಚು ಹೊತ್ತು ಇರುವ ಆಸೆಗೆ ಮರಿ ತಡೆದುಕೊಳ್ಳುವುದನ್ನೇ ಕಲಿಯುತ್ತದೆ. ಮಲವನ್ನು ಕಾಗದದಲ್ಲಿ ತೆಗೆದು ಕಸಕ್ಕೆ ಹಾಕಿ.

ಒಳಗೆ ಮಾಡಿದರೆ

ಮಾಡುತ್ತಿರುವಾಗಲೇ ಕಂಡರೆ ಸದ್ದಿಲ್ಲದೆ ಎತ್ತಿಕೊಂಡು ಹೊರಗೆ ಹೋಗಿ. ಆಮೇಲೆ ಕಂಡರೆ ಒರೆಸಿ, ಅಷ್ಟೇ. ಮೂತಿಯನ್ನು ಒದ್ದೆಗೆ ಉಜ್ಜುವುದು, ಹೊಡೆಯುವುದು ಇಂದಿಗೂ ಅನೇಕ ಮನೆಗಳಲ್ಲಿ ನಡೆಯುತ್ತದೆ. ದಯವಿಟ್ಟು ಬೇಡ. ನಾನೂ ಒಮ್ಮೆ ಗದರಿದ್ದೆ. ಮರುದಿನದಿಂದ ಕೆಂಚಿ ಅಕ್ಕಿ ಡಬ್ಬದ ಹಿಂದೆ ಹೋಗಿ ಮಾಡತೊಡಗಿದಳು, ಹೊರಗೆ ನನ್ನೆದುರು ಕುಕ್ಕರಿಸಲೂ ಹೆದರಿದಳು. ಅವಳು ಕಲಿತದ್ದು ಒಂದೇ: ಈ ಮನುಷ್ಯನ ಕಣ್ಣಿಗೆ ಬೀಳಬಾರದು. ಆ ಹೆದರಿಕೆ ಬಿಡಿಸಲು ಹತ್ತು ದಿನ ಬೇಕಾಯಿತು.

ಒರೆಸುವಾಗ ಮೊದಲು ಕಾಗದ ಒತ್ತಿ ಹೀರಿಸಿ. ಫಿನೈಲ್ ಬೇಡ. ಅದರ ಘಾಟು ನಮ್ಮ ಮೂಗಿಗೆ ವಾಸನೆ ಮುಚ್ಚುತ್ತದೆಯೇ ಹೊರತು ನಾಯಿಯ ಮೂಗಿಗಲ್ಲ. ಪಾದಕ್ಕೆ ಅಂಟಿದ್ದನ್ನು ಮರಿ ನೆಕ್ಕಿದರೆ ಅಪಾಯ. ಅಮೋನಿಯಾ ಇರುವ ದ್ರಾವಣ ಇನ್ನೂ ಕೆಟ್ಟದ್ದು, ಅದರ ವಾಸನೆ ಮೂತ್ರದ್ದಕ್ಕೇ ಹತ್ತಿರ. ಸಾಕುಪ್ರಾಣಿ ಅಂಗಡಿಗಳಲ್ಲಿ ಸಿಗುವ ಕಿಣ್ವಯುಕ್ತ (ಎಂಜೈಮ್ ಇರುವ) ದ್ರಾವಣ ವಾಸನೆಯ ಮೂಲವನ್ನೇ ಒಡೆಯುತ್ತದೆ. ಹಾಸಿಗೆ, ಸೋಫಾ ಒದ್ದೆಯಾದರೆ ಇದಕ್ಕೇ ದುಡ್ಡು ಹಾಕಿ.

ರಾತ್ರಿ ಮತ್ತು ಮಳೆ

ರಾತ್ರಿಯ ಊಟ 8ರೊಳಗೆ, ಕೊನೆಯ ಸುತ್ತು 11ಕ್ಕೆ. ಮೊದಲ ಕೆಲವು ವಾರ ನಡುರಾತ್ರಿ 3ಕ್ಕೆ ಅಲಾರಂ ಇಡಬೇಕು. ದೀಪ ಹಾಕದೆ, ಮಾತಾಡದೆ ಒಯ್ದು ತನ್ನಿ, ಇಲ್ಲದಿದ್ದರೆ ಆಟದ ಹೊತ್ತೆಂದು ಅದು ಎದ್ದು ಕೂರುತ್ತದೆ. ಹಗಲಿನಲ್ಲಿ ನೀರು ಕಡಿಮೆ ಮಾಡಬೇಡಿ.

ಚೆನ್ನಾಗಿ ಕಲಿತಿದ್ದ ಮರಿ ಮತ್ತೆ ಒಳಗೆ ಮಾಡತೊಡಗಿದರೆ, ಗಳಿಗೆಗೊಮ್ಮೆ ಹನಿ ಹನಿಯಾಗಿ ಹೋದರೆ, ಮೂತ್ರದಲ್ಲಿ ರಕ್ತ ಕಂಡರೆ ಅದು ಸೋಂಕಾಗಿರಬಹುದು. ಪಶುವೈದ್ಯರಿಗೆ ಅಂದೇ ತೋರಿಸಿ.

ಮಳೆಗಾಲದ್ದು ಬೇರೆ ಪಾಡು. ಮೊದಲ ಜೋರು ಮಳೆಗೆ ಕೆಂಚಿ ಕೊನೆಯ ಮೆಟ್ಟಿಲಲ್ಲೇ ನಿಂತುಬಿಟ್ಟಳು, ಒಂದು ಪಾದ ಒದ್ದೆಯಾದರೂ ಹಿಂದಕ್ಕೆ ಎಳೆದುಕೊಳ್ಳುತ್ತಿದ್ದಳು. ಅವಳ ಮೂತ್ರ ಒರೆಸಿದ್ದ ಗೋಣಿತಟ್ಟಿನ ಚೂರೊಂದನ್ನು ಶೀಟಿನಡಿಯ ಒಣ ಜಾಗದಲ್ಲಿ ಹಾಸಿ, ಮೇಲೆ ಕೊಡೆ ಹಿಡಿದು ನಿಂತೆವು. ಮೂಸಿದಳು, ಎರಡು ಸುತ್ತು ಸುತ್ತಿದಳು, ಕುಕ್ಕರಿಸಿದಳು. ಆ ತಟ್ಟನ್ನು ದಿನಕ್ಕೊಂದು ಗೇಣು ನುಗ್ಗೆ ಮರದ ಕಡೆಗೆ ಸರಿಸುತ್ತ ಹೋದೆವು.